ಪಕ್ಕೆಲುಬಿನ ಸಂದಿಯಲ್ಲಿ

ಬಲಗೈ ತಲೆಯ ಕೆಳಗಿಡಿ, ಅನ್ನುತ್ತೇನೆ.
ಜೆಲ್ಲು ತಣ್ಣಗಿದೆ, ಬೇಜಾರಾಗಬೇಡಿ.
ಸ್ಯಾನ್ ಆಂಟೋನಿಯೋದ ಈ ನೆಲಮಾಳಿಗೆಗೆ
ಆಗಸ್ಟ್ ಕೂಡ ಇಳಿದು ಬರುವುದಿಲ್ಲ.

ಆಮೇಲೆ ಯಂತ್ರ ಬಡಿಯುತ್ತದೆ: ಟಪ್.
ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದು
ಬೆರಳಗೆಣ್ಣಲ್ಲಿ ಕದ ತಟ್ಟಿದಷ್ಟೇ.
ಹತ್ತು ಸಲ.
ಒಳಗಿರುವುದು ಮಾತು ಕಡಿಮೆಯ ಅಂಗ.
ಎದೆಯಂತೆ ಹಾರುವುದಿಲ್ಲ, ಹೊಟ್ಟೆಯಂತೆ ಗೊಣಗುವುದಿಲ್ಲ,
ಹೇಳುವುದನ್ನೆಲ್ಲ ಕಡೆಗೆ ಹೇಳುತ್ತದೆ,
ಕೇಳಿ ಏನೂ ಮಾಡಲಾಗದ ಹೊತ್ತಿಗೆ.

ಬೆಳಿಗ್ಗೆ ಮೊದಲು ಡೆಲ್ಫೀನ್ ಬ್ರೂಸಾರ್.
ಲೂಯಿಸಿಯಾನದ ಕಪ್ಪು ಹೆಂಗಸು, ಮಂಚ ಕಿರುಗುಟ್ಟಿತು.
‘ತೂಕದ ಯಂತ್ರಕ್ಕೆ ನನ್ನ ಕಂಡರೆ ಹೊಟ್ಟೆಕಿಚ್ಚು’ ಅಂದಳು.
ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷ.
ಡಾಕ್ಟರು ಚೀಟಿಯಲ್ಲಿ ಮೊದಲೇ ಬರೆದುಬಿಟ್ಟಿದ್ದರು: ಇರಲೇಬೇಕು.
ಇರಲಿಲ್ಲ.
ಇನ್ನೂರ ಹದಿನಾಲ್ಕು. ತೊಳೆದಿಟ್ಟ ಹಲಗೆ.
ಬಂದದ್ದನ್ನೆಲ್ಲ ತೊಡೆಗೆ, ಸೊಂಟಕ್ಕೆ, ಚರ್ಮದಡಿಗೆ
ಮೂಟೆ ಕಟ್ಟಿ ಇಟ್ಟಿದ್ದಾಳೆ,
ಒಳಮನೆಯ ಹೊಸ್ತಿಲು ದಾಟಿಸಿಲ್ಲ.
‘ಹಾಗಾದರೆ ನಾನು ಗಟ್ಟಿ?’
ಇದೊಂದರಲ್ಲಿ, ಅಂದೆ.
ಕಾಲಿನ ಹುಣ್ಣು ಮೂರನೆಯ ಮಹಡಿಯಲ್ಲಿ ಕಾಯುತ್ತಿತ್ತು.

ಆಮೇಲೆ ಪ್ಯೋ ಸಾಂಗ್‌ಗ್ಯೂ, ಕೊರಿಯಾದವನು,
ಪಿಯಾನೋಗಳ ಶ್ರುತಿ ಕೂಡಿಸುವವನು.
ಬೆಲ್ಟಿಗೆ ಮೊಳೆಯಲ್ಲಿ ಎರಡು ತೂತು ಹೆಚ್ಚಿಗೆ ಕೊರೆದಿದ್ದ.
ಟಪ್ ಎಂದದ್ದಕ್ಕೆ ಕಿವಿಗೊಟ್ಟು
‘ಸ್ವರ ಸ್ವಲ್ಪ ಇಳಿದಿದೆ’ ಅಂದ. ನಾನು ನಕ್ಕೆ.
ಮುನ್ನೂರ ಹದಿನೆಂಟು. ನಗು ನಿಲ್ಲಿಸಿದೆ.
ತೆಳ್ಳಗಿದ್ದೇನಲ್ಲ, ಅಂತ ಎರಡು ಸಲ ಕೇಳಿದ.
ಅಟ್ಟವಿಲ್ಲದ ಮನೆಯವರು
ಮೂಟೆಗಳನ್ನು ಅಡಿಗೆಮನೆಯಲ್ಲೇ ಒಟ್ಟುತ್ತಾರೆ,
ಇಷ್ಟೇ ನನಗೆ ಹೊಳೆದದ್ದು.
ಹೇಳಲಿಲ್ಲ. ಟಿಶ್ಯೂ ಕೊಟ್ಟೆ, ಜೆಲ್ಲು ಒರೆಸಿಕೊಂಡ.

ಕೊಬ್ಬು ಅಂದರೆ ಸೊಕ್ಕು ಅನ್ನುವ ಬಾಯಿಗಳು
ಒಂದು ದಿನ ನನ್ನ ಪಕ್ಕ ಕುಳಿತು ನೋಡಬೇಕು,
ಇಲ್ಲಿಗೆ ಕೊಬ್ಬಿ ಬಂದವರು ಒಬ್ಬರೂ ಇಲ್ಲ.
ನನ್ನ ತಮ್ಮ ರೆಫೂಹಿಯೋ ಇದ್ದಾನೆ,
ಛಾವಣಿಗೆ ತಾರು ಬಳಿಯುವ ಕೆಲಸ, ನಲವತ್ತನಾಲ್ಕು,
ಕೆಂಪು ಸೋಡ ಬಿಟ್ಟರೆ ಬೇರೆ ಬಾಟಲಿ ಮುಟ್ಟಿದವನಲ್ಲ.
ಯಕೃತ್ತು ಗಂಟುಗಟ್ಟಿದೆ ಎಂದದ್ದೇ
ಪಾದ್ರಿ ಅವನ ಭುಜ ತಟ್ಟಿ, ಕುಡಿತ ಬಿಡು ಮಗನೇ, ಅಂದರು.
ಅವನು ಹೂಂ ಅಂದ.
ಸುಳ್ಳು ಒಪ್ಪಿಕೊಳ್ಳುವುದು ವಂಶವಾಹಿಯ ಕತೆ ಹೇಳುವುದಕ್ಕಿಂತ ಸುಲಭ.

ಕತೆ ಒಂದೇ ಒಂದು ಅಕ್ಷರದ್ದು.
ಅಷ್ಟುದ್ದದ ಬರಹದಲ್ಲಿ ಒಂದು ಕಡೆ ಕಾಗುಣಿತ ಬೇರೆ.
ನಮ್ಮ ಮೆಕ್ಸಿಕೋ ಕಡೆಯ ಜನರಲ್ಲಿ ಬಹಳ ಮಂದಿಗೆ ಇದೆ.
ಅಮ್ಮ ಒಂದು ಪ್ರತಿ ಕೊಟ್ಟಳು, ಅಪ್ಪ ಒಂದು ಪ್ರತಿ.
ಅವನಿಗೂ. ನನಗೂ.
ಒಂದೇ ಮೇಜಿನ ಊಟ, ಒಂದೇ ಹಂದಿಕೊಬ್ಬಿನ ಡಬ್ಬಿ,
ಆದರೂ ಮೂವತ್ತೆಂಟರಲ್ಲಿ ನನ್ನದು ತೊಳೆದಿಟ್ಟ ಹಲಗೆ.
ತಿಂಗಳು ತಿಂಗಳು ಬಂದು ಬೈಸಿಕೊಂಡು ಹೋಗುತ್ತಿದ್ದಳಲ್ಲ,
ಅವಳೇ ಬಾಗಿಲಲ್ಲಿ ಕಾವಲು ನಿಂತಿದ್ದಳೆಂದು
ಯಾರಿಗೆ ಗೊತ್ತಿತ್ತು?

ನಾಲ್ಕೂವರೆಯ ರೋಗಿ ಬರಲಿಲ್ಲ.
ಕದಕ್ಕೆ ಚಿಲಕ ಹಾಕಿ ಮಂಚ ಹತ್ತಿದೆ,
ಬಲಗೈ ತಲೆಯ ಕೆಳಗೆ.
ಎಡಗೈಯಲ್ಲಿ ನನ್ನನ್ನು ನಾನೇ ತಟ್ಟಿದೆ.
ಜೆಲ್ಲು ನಿಜಕ್ಕೂ ತಣ್ಣಗಿತ್ತು,
ಇಷ್ಟು ವರ್ಷ ಸುಮ್ಮನೆ ಅನ್ನುತ್ತಿದ್ದೆ.
ಟಪ್. ಟಪ್.
ಸಂಖ್ಯೆ ಬಂತು. ತಮ್ಮನ ಸಂಖ್ಯೆಗೆ ಹನ್ನೊಂದು ಕಡಿಮೆ.

ಎದ್ದು ಕುಳಿತು ಫಾರಮ್ಮು ತುಂಬಿದೆ, ಎಲ್ಲರಿಗೂ ತುಂಬುವ ಹಾಗೆ.
ಹೆಸರು: ಓಫೀಲಿಯಾ ಸಾರಾಗೋಸಾ.
ಜನಾಂಗ: ಐದು ಚೌಕ, ಒಂದಕ್ಕೆ ಗುರುತು.
ಲಿಂಗ: ಎರಡು ಚೌಕ, ಒಂದಕ್ಕೆ ಗುರುತು.
ಇನ್ನೊಂದಕ್ಕೆ ಚೌಕವೇ ಇರಲಿಲ್ಲ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಬರೆದೆ:
ನಿಂತು ಹದಿನಾಲ್ಕು ತಿಂಗಳು.